ಉದ್ಯಾನದೊಳಗಿನ ಯುದ್ಧಸ್ಮಾರಕದ ಚರಿತ್ರೆಯನ್ನು ಹುಡುಕುವ ಕ್ರಮ

ಜೆ.ಸಿ. ನಗರದ ಮುನಿರೆಡ್ಡಿಪಾಳ್ಯದ ಬಳಿ ಮೈಸೂರು ಲ್ಯಾನ್ಸರ್ಸ್ ಅಶ್ವದಳದ ಸ್ಮಾರಕಸ್ತಂಭವಿದೆ. ಅದನ್ನು ಮೊದಲ ಸಲ ನೋಡಲು ಹೋದ ದಿನ, ಹತ್ತಿರದಲ್ಲೇ ಕುಳಿತು ಹೂ ಕಟ್ಟುತ್ತಿದ್ದ ಹಿರಿಯ ಹೆಂಗಸನ್ನು ಅದೇನೆಂದು ಕೇಳಿದೆ. "ಯಾರೋ ಮಿಲಿಟ್ರಿಯವರ ಸಮಾಧಿ ಕಣಪ್ಪಾ" ಎಂದರು. ಮಿಲಿಟರಿಯವರದ್ದು ಎಂಬ ಮಾತು ಸರಿ; ಸಮಾಧಿ ಎಂಬುದು ಸರಿಯಲ್ಲ. ಆ ಸ್ತಂಭದ ಕೆಳಗೆ ಯಾರನ್ನೂ ಮಣ್ಣು ಮಾಡಿಲ್ಲ. ಅದು ಯಾರ ನೆನಪಿಗಾಗಿ ನಿಂತಿದೆಯೋ ಅವರು ಮೊದಲ ಮಹಾಯುದ್ಧದ ಕಾಲದಲ್ಲಿ ಈಜಿಪ್ಟ್, ಪ್ಯಾಲೆಸ್ಟೈನ್, ಸಿರಿಯಾಗಳ ನೆಲದಲ್ಲಿ ಸತ್ತವರು. ದಿನವೂ ಆ ಕಲ್ಲಿನ ಪಕ್ಕದಲ್ಲಿ ಹಾದುಹೋಗುವ ಸಾವಿರಾರು ಜನರಿಗೆ ಈ ಸಂಗತಿಯನ್ನು ಹೇಳುವವರು ಯಾರೂ ಇಲ್ಲದಿರುವುದು ನನ್ನನ್ನು ಆವತ್ತಿನಿಂದ ಕಾಡಿದೆ. ಬೆಂಗಳೂರಿನ ಉದ್ಯಾನಗಳಲ್ಲಿ, ವೃತ್ತಗಳಲ್ಲಿ, ಚರ್ಚುಗಳ ಗೋಡೆಗಳ ಮೇಲೆ ಇಂತಹ ಕಲ್ಲುಗಳು ಹಲವು ಇವೆ. ನಿಮ್ಮ ಮನೆಯ ಹತ್ತಿರದ ಒಂದು ಕಲ್ಲನ್ನು ಆರಿಸಿಕೊಂಡು ಅದರ ಚರಿತ್ರೆಯನ್ನು ನೀವೇ ಹೇಗೆ ಹುಡುಕಬಹುದು ಎಂಬುದನ್ನು ಇಲ್ಲಿ ವಿವರಿಸಿದ್ದೇನೆ. ಇದಕ್ಕೆ ಪದವಿ ಬೇಕಿಲ್ಲ. ಒಂದು ನೋಟ್‌ಬುಕ್, ಒಂದು ಟಾರ್ಚು, ಒಂದು ಅಳತೆಯ ಟೇಪು, ಕೆಲವು ತಿಂಗಳ ತಾಳ್ಮೆ ಇದ್ದರೆ ಸಾಕು.

ಮೊದಲು ಕಲ್ಲನ್ನೇ ಓದಿ

ಮೊಬೈಲಿನಲ್ಲಿ ಹುಡುಕುವುದಕ್ಕೆ ಮೊದಲು ಕಲ್ಲಿನ ಮುಂದೆ ಹೋಗಿ ನಿಲ್ಲಬೇಕು. ಬೇರೆಯವರು ಬರೆದದ್ದನ್ನು ಮೊದಲೇ ಓದಿಕೊಂಡು ಹೋದರೆ ಕಣ್ಣು ಅದನ್ನೇ ಕಲ್ಲಿನ ಮೇಲೆ ಕಾಣುತ್ತದೆ, ಇಲ್ಲದ ಅಕ್ಷರವನ್ನೂ ಇದ್ದಂತೆ ಓದಿಸಿಬಿಡುತ್ತದೆ. ಹೋಗುವ ಹೊತ್ತು ಮುಖ್ಯ. ನಡು ಮಧ್ಯಾಹ್ನದ ಬಿಸಿಲಿನಲ್ಲಿ ಸವೆದ ಅಕ್ಷರಗಳು ಕಲ್ಲಿನ ಮೈಯಲ್ಲಿ ಕರಗಿಹೋದಂತೆ ಕಾಣುತ್ತವೆ. ಬೆಳಗ್ಗೆ ಬೇಗ ಅಥವಾ ಇಳಿಹೊತ್ತಿನಲ್ಲಿ ಬೆಳಕು ಕಲ್ಲಿಗೆ ಓರೆಯಾಗಿ ಬಿದ್ದಾಗ ಪ್ರತಿಯೊಂದು ಗೀರೂ ತನ್ನ ನೆರಳನ್ನು ತಾನೇ ಹಿಡಿದುಕೊಂಡು ಎದ್ದು ನಿಲ್ಲುತ್ತದೆ. ಮರದ ನೆರಳಿನಲ್ಲಿರುವ ಕಲ್ಲಾದರೆ, ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿನ ಅಂಚಿಗೆ ಬಹುತೇಕ ತಾಗಿಸಿ ಹಿಡಿದು, ಬೆಳಕನ್ನು ಎಡದಿಂದ ಒಮ್ಮೆ, ಬಲದಿಂದ ಒಮ್ಮೆ, ಮೇಲಿನಿಂದ ಒಮ್ಮೆ ಹಾಯಿಸಿ ಫೋಟೊ ತೆಗೆಯಿರಿ. ಒಂದು ಫೋಟೊದಲ್ಲಿ ಮೂರರಂತೆ ಕಾಣುವ ಅಂಕಿ ಇನ್ನೊಂದರಲ್ಲಿ ಎಂಟಾಗಿರುವುದು ಆಗಾಗ ಆಗುತ್ತದೆ.

ಸುಣ್ಣದ ಕಡ್ಡಿ ಉಜ್ಜಬಾರದು, ಎಣ್ಣೆ ಸವರಬಾರದು, ತಂತಿಯ ಬ್ರಶ್ಶಿನಿಂದ ಪಾಚಿ ಕೆರೆಯಬಾರದು. ತೊಳೆಯಲೇಬೇಕೆನಿಸಿದರೆ ಬರಿಯ ನೀರು, ಮೆತ್ತನೆಯ ಬಟ್ಟೆ ಸಾಕು. ಶಾಸನತಜ್ಞರು ಒದ್ದೆ ಕಾಗದ ಮತ್ತು ಮಸಿಯಿಂದ ಅಚ್ಚು ತೆಗೆಯುವುದನ್ನು ನೀವು ನೋಡಿರಬಹುದು. ಅದು ಕಲಿತವರ ಕೈಯ ಕೆಲಸ, ಅನುಮತಿಯಿಲ್ಲದೆ ಮಾಡುವಂಥದ್ದಲ್ಲ. ಬಣ್ಣ ತುಂಬಿದ ಅಕ್ಷರಗಳ ವಿಷಯದಲ್ಲಂತೂ ವಿಶೇಷ ಎಚ್ಚರ ಬೇಕು. ನಗರದ ಒಂದು ಕಲ್ಲಿನಲ್ಲಿ ಗುತ್ತಿಗೆಗೆ ಬಂದವರು ಕೊರೆದ ಗೆರೆಯನ್ನು ನೋಡದೆ ಮೇಲ್ಮೈಯನ್ನಷ್ಟೇ ನೋಡಿ ಬಣ್ಣ ಬಳಿದಿದ್ದರಿಂದ ಒಂದು ಹೆಸರಿನ ನಡುವಿನ ಅಕ್ಷರವೇ ಬದಲಾಗಿತ್ತು. ಬೆರಳಿನಿಂದ ತಡವಿದಾಗ ಬಣ್ಣದ ಕೆಳಗಿನ ಕೊರೆತ ಬೇರೆ ಅಕ್ಷರವೆಂದು ತಿಳಿಯಿತು. ಆದ್ದರಿಂದ ಬಣ್ಣವನ್ನು ನಂಬದೆ ಕೊರೆತವನ್ನು ನಂಬಿ.

ಕಲ್ಲಿನ ಮೇಲೆ ಇರುವುದನ್ನು ಇರುವಂತೆಯೇ, ಸಾಲು ಎಲ್ಲಿ ಮುರಿಯುತ್ತದೋ ಅಲ್ಲಿಯೇ ಮುರಿದು, ತಪ್ಪು ಕಾಗುಣಿತವನ್ನೂ ತಿದ್ದದೆ ನೋಟ್‌ಬುಕ್ಕಿಗೆ ಇಳಿಸಿಕೊಳ್ಳಿ. ಓದಲಾಗದ ಅಕ್ಷರಕ್ಕೆ ಚುಕ್ಕಿ ಇಡಿ. ಊಹೆಯ ಅಕ್ಷರವನ್ನು ಆವರಣ ಚಿಹ್ನೆಯೊಳಗೆ ಬರೆಯಿರಿ. ನಾಲ್ಕೂ ಮುಖಗಳನ್ನು ನೋಡಿ, ಹಿಂಬದಿಯ ಮುಖವನ್ನು ಮರೆಯಬೇಡಿ. ಕಟ್ಟಿಸಿದವರ ಹೆಸರು, ಕಲ್ಲುಕೆಲಸದವರ ಗುರುತು, ಜೀರ್ಣೋದ್ಧಾರದ ಇಸವಿ ಹೆಚ್ಚಾಗಿ ಯಾರೂ ಹೋಗದ ಆ ಮಗ್ಗುಲಲ್ಲಿಯೇ ಇರುತ್ತವೆ. ಸ್ತಂಭದ ಕಲ್ಲು ಬೇರೆ, ಬರಹದ ಫಲಕ ಬೇರೆ ಆಗಿದೆಯೇ ಎಂಬುದನ್ನೂ ಗಮನಿಸಿ. ನಮ್ಮ ಬೂದುಬಣ್ಣದ ಗ್ರಾನೈಟಿನ ನಡುವೆ ಅಮೃತಶಿಲೆಯ ಹಲಗೆ ಕೂರಿಸಿದ್ದರೆ, ಅದರ ಸುತ್ತಲಿನ ಗಾರೆ ಹೊಸದಾಗಿ ಕಂಡರೆ, ಹಲಗೆಯನ್ನು ಎಂದೋ ಬದಲಾಯಿಸಿರುವ ಸಾಧ್ಯತೆಯನ್ನು ಬರೆದಿಟ್ಟುಕೊಳ್ಳಬೇಕು.

ಇಸವಿಯನ್ನು ಪಡೆಯ ಹೆಸರಿನಿಂದ ಹಿಡಿಯುವುದು

ಒಂದು ಸ್ಮಾರಕಕ್ಕೆ ಕನಿಷ್ಠ ಮೂರು ಇಸವಿಗಳಿರುತ್ತವೆ: ಯುದ್ಧ ನಡೆದದ್ದು, ಕಲ್ಲು ನಿಲ್ಲಿಸಿದ್ದು, ಈಗಿರುವ ಜಾಗಕ್ಕೆ ಅದು ಬಂದದ್ದು ಅಥವಾ ದುರಸ್ತಿಯಾದದ್ದು. ಕಲ್ಲಿನ ಮೇಲೆ ಸಾಮಾನ್ಯವಾಗಿ ಮೊದಲನೆಯದಷ್ಟೇ ಇರುತ್ತದೆ. 1914–1919 ಎಂದು ಕೊರೆದಿರುವುದನ್ನು ನೋಡಿ 1919ರಲ್ಲಿ ಕಟ್ಟಿದ್ದು ಎಂದು ನಾನೂ ಒಮ್ಮೆ ಬರೆದು, ಆಮೇಲೆ ತಿದ್ದಿಕೊಂಡಿದ್ದೇನೆ. ಕದನವಿರಾಮವಾದದ್ದು 1918ರ ನವೆಂಬರ್ 11ರಂದು, ವರ್ಸೇಲ್ಸ್ ಒಪ್ಪಂದಕ್ಕೆ ಸಹಿ ಬಿದ್ದದ್ದು 1919ರ ಜೂನ್ 28ರಂದು. ಹಾಗಾಗಿ ಕೆಲವು ಕಲ್ಲುಗಳು ಯುದ್ಧ 1918ಕ್ಕೆ ಮುಗಿಯಿತೆಂದೂ ಕೆಲವು 1919ಕ್ಕೆ ಮುಗಿಯಿತೆಂದೂ ಹೇಳುತ್ತವೆ. ಎರಡೂ ತಪ್ಪಲ್ಲ, ಎರಡೂ ಕಲ್ಲಿನ ವಯಸ್ಸನ್ನು ಹೇಳುವುದಿಲ್ಲ. ಮೊದಲ ಮಹಾಯುದ್ಧವೆಂದು ಸಂಖ್ಯೆ ಹಾಕದೆ ಬರಿದೆ ಮಹಾಯುದ್ಧವೆಂದು ಕೊರೆದಿದ್ದರೆ, ಎರಡನೆಯದು ಬರುತ್ತದೆಂದು ಕೊರೆದವರಿಗೆ ಗೊತ್ತಿರಲಿಲ್ಲವೆಂದು ಊಹಿಸಬಹುದು. ಅಷ್ಟರಮಟ್ಟಿಗೆ ಅದೊಂದು ಸುಳಿವು.

ಇದಕ್ಕಿಂತ ಗಟ್ಟಿಯಾದ ಸುಳಿವು ಪಡೆಯ ಹೆಸರಿನಲ್ಲಿರುತ್ತದೆ, ಏಕೆಂದರೆ ಬ್ರಿಟಿಷರ ಕಾಲದ ಭಾರತೀಯ ಸೇನೆ ತನ್ನ ಪಡೆಗಳ ಹೆಸರನ್ನೂ ಸಂಖ್ಯೆಯನ್ನೂ ನಿರ್ದಿಷ್ಟ ವರ್ಷಗಳಲ್ಲಿ ಬದಲಾಯಿಸಿತು. ಬ್ರಿಗೇಡ್ ರಸ್ತೆಯೂ ರೆಸಿಡೆನ್ಸಿ ರಸ್ತೆಯೂ ಕೂಡುವಲ್ಲಿ, ವಾಹನಗಳ ಗದ್ದಲದ ನಡುವೆ ನಿಂತಿರುವ ಪಯೊನಿಯರ್ ಪಡೆಗಳ ಸ್ಮಾರಕವನ್ನೇ ತೆಗೆದುಕೊಳ್ಳಿ. ಪಯೊನಿಯರ್‌ಗಳೆಂದರೆ ಬಂದೂಕಿನ ಜೊತೆಗೆ ಗುದ್ದಲಿ ಪಿಕಾಸಿಗಳನ್ನೂ ಹೊತ್ತು, ಸೇನೆಯ ಮುಂದೆ ದಾರಿ ಕಡಿದುಕೊಡುತ್ತಿದ್ದ ಕಾಲಾಳುಗಳು. ಮದರಾಸು ಸೇನೆಯ ಪಯೊನಿಯರ್ ಪಡೆಗಳಿಗೆ 1903ರಲ್ಲಿ 61, 64, 81 ಎಂಬ ಸಂಖ್ಯೆಗಳು ಬಂದವು. 1922ರ ಪುನರ್ವಿಂಗಡಣೆಯಲ್ಲಿ ಅವೆಲ್ಲ ಒಂದೇ ಮದ್ರಾಸ್ ಪಯೊನಿಯರ್ಸ್ ದಳದ ಬೆಟಾಲಿಯನ್‌ಗಳಾದವು. 1933ರಲ್ಲಿ ಆ ದಳವನ್ನೇ ವಿಸರ್ಜಿಸಲಾಯಿತು. ಆದ್ದರಿಂದ ಪಯೊನಿಯರ್‌ಗಳ ಯಾವುದಾದರೂ ಕಲ್ಲಿನಲ್ಲಿ ಹಳೆಯ ಸಂಖ್ಯೆಗಳಷ್ಟೇ ಇದ್ದರೆ ಒಂದು ಬಗೆಯ ಕಾಲ, ದಳದ ಹೊಸ ಹೆಸರು ಇದ್ದರೆ 1922ರಿಂದ 1933ರ ನಡುವಿನ ಕಾಲ ಎಂದು ಲೆಕ್ಕ ಹಾಕಬಹುದು. ಇದೂ ಕಟ್ಟುನಿಟ್ಟಾದ ಸಾಕ್ಷ್ಯವಲ್ಲ, ಯಾಕೆಂದರೆ ಹಳೆಯ ಸೈನಿಕರು ತಮ್ಮ ಹಳೆಯ ಸಂಖ್ಯೆಯನ್ನೇ ಪ್ರೀತಿಯಿಂದ ಬಳಸುತ್ತಿದ್ದರು. ಆದರೂ ಹುಡುಕಾಟದ ವ್ಯಾಪ್ತಿಯನ್ನು ನೂರು ವರ್ಷದಿಂದ ಹತ್ತು ವರ್ಷಕ್ಕೆ ಇಳಿಸಲು ಇದು ಸಾಕಾಗುತ್ತದೆ.

ಸೈನಿಕರ ದರ್ಜೆಗಳೂ ಮಾತಾಡುತ್ತವೆ. ಸವಾರ, ದಫೇದಾರ, ರಿಸಾಲ್ದಾರ ಎಂದಿದ್ದರೆ ಅದು ಕುದುರೆದಳ. ಸಿಪಾಯಿ, ನಾಯಕ್, ಹವಾಲ್ದಾರ್, ಸುಬೇದಾರ್ ಎಂದಿದ್ದರೆ ಕಾಲಾಳು ಪಡೆ. ಜಮಾದಾರ್ ಎಂಬ ದರ್ಜೆ ಎರಡರಲ್ಲಿಯೂ ಇತ್ತು. ಸ್ವತಂತ್ರ ಭಾರತದ ಸೇನೆಯಲ್ಲಿ 1965ರ ತನಕ ಉಳಿದಿದ್ದ ಆ ದರ್ಜೆ ಆಮೇಲೆ ನಾಯಬ್ ಸುಬೇದಾರ್, ನಾಯಬ್ ರಿಸಾಲ್ದಾರ್ ಎಂದಾಯಿತು.

ದಂಡಿನ ಕಲ್ಲೋ, ಸಂಸ್ಥಾನದ ಕಲ್ಲೋ

ಕಾಗದಪತ್ರ ಹುಡುಕಲು ಹೊರಡುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು. ಇದನ್ನು ಕೇಳಿಕೊಳ್ಳದವರು ತಪ್ಪು ಕಚೇರಿಯ ಬಾಗಿಲಲ್ಲಿ ವರ್ಷಗಟ್ಟಲೆ ಕಾಯುತ್ತಾರೆ. ಬೆಂಗಳೂರು ಬಹುಕಾಲ ಒಂದೇ ಊರಾಗಿರಲಿಲ್ಲ. ಶ್ರೀರಂಗಪಟ್ಟಣದಲ್ಲಿದ್ದ ಬ್ರಿಟಿಷ್ ಸೈನ್ಯ 1809ರಲ್ಲಿ ಇಲ್ಲಿಗೆ ಬಂದು ನೆಲೆಸಿದ ಮೇಲೆ ಹಲಸೂರಿನ ಸುತ್ತಮುತ್ತ ಬೆಳೆದದ್ದು ದಂಡು. ಕೋಟೆಯ ಪಕ್ಕದಲ್ಲಿ ಮೊದಲಿನಿಂದ ಇದ್ದದ್ದು ಪೇಟೆ. 1881ರಲ್ಲಿ ಮೈಸೂರು ರಾಜ್ಯ ಒಡೆಯರಿಗೆ ಮರಳಿದಾಗಲೂ ದಂಡಿನ ಪ್ರದೇಶವನ್ನು ಬ್ರಿಟಿಷರು ತಮ್ಮ ಆಡಳಿತದಲ್ಲಿಯೇ ಇಟ್ಟುಕೊಂಡರು. ಅದು ಮೈಸೂರಿಗೆ ಪೂರ್ತಿಯಾಗಿ ಸೇರಿದ್ದು 1947ರಲ್ಲಿ. ಇನ್‌ಫೆಂಟ್ರಿ ರಸ್ತೆ, ಆರ್ಟಿಲರಿ ರಸ್ತೆ, ಬ್ರಿಗೇಡ್ ರಸ್ತೆ, ಈಗ ಕಾಮರಾಜ ರಸ್ತೆಯಾಗಿರುವ ಕ್ಯಾವಲ್ರಿ ರಸ್ತೆ, ಇವೆಲ್ಲ ಆ ದಂಡಿನ ಹೆಸರುಗಳು. ದಂಡಿನ ನೆಲದಲ್ಲಿ ಬ್ರಿಟಿಷ್ ಭಾರತೀಯ ಸೇನೆಯ ಪಡೆಗೆ ನಿಲ್ಲಿಸಿದ ಕಲ್ಲಾದರೆ ಅದರ ಪತ್ರವ್ಯವಹಾರ ಮೈಸೂರು ರೆಸಿಡೆನ್ಸಿಯ, ಅಂದರೆ ಸಂಸ್ಥಾನದಲ್ಲಿದ್ದ ಬ್ರಿಟಿಷ್ ಪ್ರತಿನಿಧಿಯ ಕಚೇರಿಯ, ಕಡತಗಳಲ್ಲಿರಬಹುದು. ಅವುಗಳನ್ನು ದೆಹಲಿಯ ರಾಷ್ಟ್ರೀಯ ಪತ್ರಾಗಾರದಲ್ಲಿ ಕೇಳಬೇಕು. ಮೈಸೂರು ಮಹಾರಾಜರ ಸ್ವಂತ ಸೈನ್ಯಕ್ಕೆ ಸಂಬಂಧಿಸಿದ ಕಲ್ಲಾದರೆ ವಿಧಾನಸೌಧದಲ್ಲಿರುವ ಕರ್ನಾಟಕ ರಾಜ್ಯ ಪತ್ರಾಗಾರದಿಂದ ಆರಂಭಿಸಬೇಕು.

ಪತ್ರಾಗಾರಕ್ಕೆ ಹೋಗುವಾಗ "ಸ್ಮಾರಕದ ಬಗ್ಗೆ ಏನಾದರೂ ಇದೆಯೇ" ಎಂದು ಕೇಳಿದರೆ ಉತ್ತರ ಇಲ್ಲವೆಂದೇ ಬರುತ್ತದೆ. ಕಡತಗಳು ವಿಷಯದ ಹೆಸರಿನಲ್ಲಿ ಇರುವುದಿಲ್ಲ, ಇಲಾಖೆಯ ಹೆಸರಿನಲ್ಲಿ ಇರುತ್ತವೆ. ಸೈನ್ಯ ಇಲಾಖೆ, ಲೋಕೋಪಯೋಗಿ, ಪುರಸಭೆ, ಅರಮನೆ ಎಂಬ ನಾಲ್ಕು ದಾರಿಗಳಲ್ಲಿಯೂ, ನೀವು ಪಡೆಯ ಹೆಸರಿನಿಂದ ಲೆಕ್ಕ ಹಾಕಿಕೊಂಡ ಹತ್ತು ವರ್ಷಗಳ ಸೂಚಿಗಳನ್ನು ಒಂದೊಂದಾಗಿ ತರಿಸಿ ನೋಡಬೇಕು. ಸಂಸ್ಥಾನದ ವಾರ್ಷಿಕ ಆಡಳಿತ ವರದಿಗಳು ಇದಕ್ಕಿಂತ ಸುಲಭವಾಗಿ ಸಿಗುತ್ತವೆ. ಅವುಗಳಲ್ಲಿ ಸೈನ್ಯದ ಅಧ್ಯಾಯ ಪ್ರತಿ ವರ್ಷವೂ ಇರುತ್ತದೆ. ಕಬ್ಬನ್ ಪಾರ್ಕಿನೊಳಗಿನ ಕೆಂಪು ಕಟ್ಟಡದ ರಾಜ್ಯ ಕೇಂದ್ರ ಗ್ರಂಥಾಲಯ, 1909ರಲ್ಲಿ ಸ್ಥಾಪನೆಯಾದ ನೃಪತುಂಗ ರಸ್ತೆಯ ಇತಿಹಾಸ ಸಂಶೋಧನಾ ಸಂಸ್ಥೆ ಮಿಥಿಕ್ ಸೊಸೈಟಿ, ಇವೆರಡನ್ನೂ ಬಿಡಬಾರದು. ಸ್ಮಾರಕ ಇರುವ ಉದ್ಯಾನ ಪಾಲಿಕೆಯದಾದರೆ, ದುರಸ್ತಿಗೂ ಸ್ಥಳಾಂತರಕ್ಕೂ ಸಂಬಂಧಿಸಿದ ಇತ್ತೀಚಿನ ಕಾಗದಗಳಿಗಾಗಿ ಮಾಹಿತಿ ಹಕ್ಕು ಕಾಯ್ದೆ 2005ರ ಅಡಿಯಲ್ಲಿ 10 ರೂಪಾಯಿಯ ಶುಲ್ಕದೊಂದಿಗೆ ಅರ್ಜಿ ಹಾಕಿ. ಉತ್ತರಕ್ಕೆ 30 ದಿನಗಳ ಗಡುವಿದೆ. ಅರ್ಜಿಯಲ್ಲಿ "ಇತಿಹಾಸ ತಿಳಿಸಿ" ಎಂದು ಕೇಳದೆ, ಇಂತಹ ವರ್ಷದಿಂದ ಇಂತಹ ವರ್ಷದವರೆಗಿನ ಕಾಮಗಾರಿ ಆದೇಶದ ಪ್ರತಿಯನ್ನು ಕೊಡಿ ಎಂದು ಕೇಳಬೇಕು.

ಕಲ್ಲಿನಿಂದ ರಣಭೂಮಿಗೆ

ಈಗ ಜೆ.ಸಿ. ನಗರದ ಸ್ತಂಭಕ್ಕೆ ಮರಳೋಣ, ಯಾಕೆಂದರೆ ಒಂದು ಹೆಸರಿನಿಂದ ಎಷ್ಟು ದೂರ ಹೋಗಬಹುದೆಂಬುದಕ್ಕೆ ಅದಕ್ಕಿಂತ ಒಳ್ಳೆಯ ಉದಾಹರಣೆ ಈ ಊರಿನಲ್ಲಿಲ್ಲ. ಮೈಸೂರು ಲ್ಯಾನ್ಸರ್ಸ್ ಬ್ರಿಟಿಷ್ ಸೇನೆಯ ಪಡೆಯಾಗಿರಲಿಲ್ಲ. ದೇಶೀಯ ಸಂಸ್ಥಾನಗಳು ತಮ್ಮ ಖರ್ಚಿನಲ್ಲಿ ಸಾಕಿ, ಯುದ್ಧಕಾಲದಲ್ಲಿ ಸಾಮ್ರಾಜ್ಯದ ಸೇವೆಗೆ ಒದಗಿಸುತ್ತಿದ್ದ ಪಡೆಗಳಲ್ಲಿ ಅದೂ ಒಂದು. ಭಾಲೆ ಹಿಡಿದ ಸವಾರರ ದಳ. 1914ರಲ್ಲಿ ಯುದ್ಧ ಆರಂಭವಾದಾಗ ನಾಲ್ವಡಿ ಕೃಷ್ಣರಾಜ ಒಡೆಯರು ಯುದ್ಧದ ವೆಚ್ಚಕ್ಕೆಂದು 50 ಲಕ್ಷ ರೂಪಾಯಿ ಕೊಟ್ಟರು, ಜೊತೆಗೆ ಈ ದಳವನ್ನೂ ಕಳುಹಿಸಿದರು. ಹೈದರಾಬಾದ್, ಜೋಧಪುರ, ಮೈಸೂರುಗಳ ಸವಾರರು ಸೇರಿ ಒಂದು ಬ್ರಿಗೇಡಾಗಿ, ಮೊದಲು ಸೂಯೆಜ್ ಕಾಲುವೆಯ ಕಾವಲಿಗೆ ನಿಂತರು. ದೆಹಲಿಯ ತೀನ್‌ಮೂರ್ತಿ ವೃತ್ತದಲ್ಲಿ 1922ರಿಂದ ನಿಂತಿರುವ ಮೂರು ಪ್ರತಿಮೆಗಳು ಈ ಮೂರು ಸಂಸ್ಥಾನಗಳವೇ. ಅವುಗಳಲ್ಲೊಬ್ಬ ಮೈಸೂರಿನವನೆಂದು ತಿಳಿದ ಕನ್ನಡಿಗರು ಕಡಿಮೆ.

ಈ ದಳದ ಹೆಸರೆತ್ತಿದರೆ ಎಲ್ಲರೂ ಇಂದಿನ ಇಸ್ರೇಲಿನ ಬಂದರು ಪಟ್ಟಣವಾದ ಹೈಫಾದ ಹೆಸರನ್ನು ಹೇಳುತ್ತಾರೆ. ನ್ಯಾಯವೇ. 1918ರ ಸೆಪ್ಟೆಂಬರ್ 23ರಂದು, ಒಂದು ಕಡೆ ಕಾರ್ಮೆಲ್ ಬೆಟ್ಟ, ಇನ್ನೊಂದು ಕಡೆ ಕಿಶೋನ್ ನದಿಯ ಕೆಸರು, ನಡುವಿನ ಇಕ್ಕಟ್ಟಿನ ದಾರಿಯಲ್ಲಿ ಈ ಸವಾರರು ತುರ್ಕಿ ಸೇನೆಯ ತೋಪು ಮತ್ತು ಮೆಷಿನ್ ಗನ್ನುಗಳ ಎದುರಿಗೆ ಕುದುರೆಗಳ ಮೇಲೆ ನುಗ್ಗಿ ಪಟ್ಟಣವನ್ನು ಹಿಡಿದರು. ಮೈಸೂರಿನ ಒಂದು ತುಕಡಿ ಬೆಟ್ಟದ ಮೇಲಿದ್ದ ತೋಪುಗಳತ್ತ ಹತ್ತಿತು. ಜೋಧಪುರದವರು ಪಟ್ಟಣದ ಕಡೆಗೆ ದೌಡಾಯಿಸಿದರು, ಅವರ ನಾಯಕ ಮೇಜರ್ ದಲಪತ್ ಸಿಂಗ್ ಅಲ್ಲಿಯೇ ಮಡಿದರು. ಸೆರೆಸಿಕ್ಕ ಶತ್ರುಗಳು 1,350. ಬ್ರಿಗೇಡಿನಲ್ಲಿ ಸತ್ತವರು 8 ಮಂದಿ, ಗಾಯಗೊಂಡವರು 34. ಕುದುರೆಗಳು 60 ಸತ್ತವು.

ಸಂಶೋಧಕರು ಇಲ್ಲಿ ಸ್ವಲ್ಪ ತಡೆದು ನಿಲ್ಲಬೇಕು. ಹೈಫಾದಲ್ಲಿ ಮೈಸೂರು, ಜೋಧಪುರ ಎರಡೂ ಸಂಸ್ಥಾನಗಳಿಂದ ಸೇರಿ ಸತ್ತವರು ಎಂಟೇ ಮಂದಿಯಾದರೆ, ಬೆಂಗಳೂರಿನ ಈ ಸ್ತಂಭ ಯಾರಿಗಾಗಿ? ಈ ಪ್ರಶ್ನೆ ನಿಮ್ಮನ್ನು ಹೈಫಾದಿಂದ ಆಚೆಗೆ ಕೊಂಡೊಯ್ಯುತ್ತದೆ. ಒಂದು ತಿಂಗಳು ದಾಟಿದ ಮೇಲೆ, ಅಕ್ಟೋಬರ್ 26ರಂದು, ಸಿರಿಯಾದ ಅಲೆಪ್ಪೊ ಪಟ್ಟಣದ ಉತ್ತರಕ್ಕಿರುವ ಹರಿತಾನ್ ಎಂಬ ಹಳ್ಳಿಯ ಬಳಿ ಇದೇ ಮೈಸೂರು ಮತ್ತು ಜೋಧಪುರದ ಸವಾರರು, ತಮಗಿಂತ ಬಹಳ ದೊಡ್ಡದಾಗಿದ್ದ ತುರ್ಕಿ ದಂಡಿನ ಮೇಲೆ ಏರಿ ಹೋದರು. ಹೈಫಾಕ್ಕಿಂತ ಹೆಚ್ಚು ಜನ ಸತ್ತದ್ದು ಅಲ್ಲಿ. ನಾಲ್ಕು ದಿನ ಕಳೆದು, ಅಕ್ಟೋಬರ್ 30ರಂದು, ಮುದ್ರೋಸ್‌ನಲ್ಲಿ ತುರ್ಕಿಯೊಡನೆ ಕದನವಿರಾಮಕ್ಕೆ ಸಹಿಯಾಯಿತು. ಇನ್ನು ನಾಲ್ಕು ದಿನ ಬದುಕಿದ್ದರೆ ಊರಿಗೆ ಬರುತ್ತಿದ್ದ ಆ ಸವಾರರನ್ನು ನೆನೆದಾಗಲೆಲ್ಲ ನನಗೆ ಹರಿತಾನ್ ಎಂಬ ಹೆಸರನ್ನು ಜೋರಾಗಿ ಹೇಳಬೇಕೆನಿಸುತ್ತದೆ. ಹೈಫಾದಲ್ಲಿ ಗೆಲುವಿತ್ತು, ಆದ್ದರಿಂದ ಆ ಹೆಸರು ಉಳಿಯಿತು. ಹರಿತಾನ್‌ನಲ್ಲಿ ಸಾವು ಹೆಚ್ಚಿತ್ತು, ಗೆಲುವು ಅಷ್ಟು ಸ್ಪಷ್ಟವಿರಲಿಲ್ಲ. ಪ್ರಸಿದ್ಧ ಕದನವೊಂದನ್ನೇ ನಂಬಿಕೊಂಡು ಬರೆದ ಸ್ಮಾರಕದ ಚರಿತ್ರೆ ಸತ್ತವರಲ್ಲಿ ಬಹುಪಾಲು ಜನರನ್ನು ಹೊರಗೇ ಬಿಡುತ್ತದೆ. ನಾಲ್ಕು ವರ್ಷಗಳ ಕಾಲ ಮರುಭೂಮಿಯ ಕಾವಲು, ಗಾಜಾದ ಸುತ್ತಲಿನ ಚಕಮಕಿಗಳು, ಆಸ್ಪತ್ರೆಯ ಡೇರೆಗಳಲ್ಲಿ ಜ್ವರದಿಂದ ಆದ ಸಾವುಗಳು, ಇವೆಲ್ಲ ಆ ಸ್ತಂಭದ ಲೆಕ್ಕದಲ್ಲಿ ಸೇರುತ್ತವೆ.

ಪಡೆಗೆ ಆಮೇಲೆ ಏನಾಯಿತೆಂಬುದನ್ನೂ ಹಿಂಬಾಲಿಸಿ, ಏಕೆಂದರೆ ಪಡೆಯ ದಾಖಲೆಗಳು ಪಡೆಯ ವಾರಸುದಾರರ ಬಳಿಗೆ ಹೋಗಿರುತ್ತವೆ. ಮೈಸೂರು ಲ್ಯಾನ್ಸರ್ಸ್ ಸ್ವಾತಂತ್ರ್ಯಾನಂತರ ಬೇರೆ ಸಂಸ್ಥಾನಗಳ ಅಶ್ವದಳಗಳೊಡನೆ ಸೇರಿ 1953ರಲ್ಲಿ 61ನೆಯ ಕ್ಯಾವಲ್ರಿಯಾಯಿತು. ಇಂದು ಜಯಪುರದಲ್ಲಿ ನೆಲೆಸಿರುವ, ಕುದುರೆಗಳನ್ನು ಇನ್ನೂ ಉಳಿಸಿಕೊಂಡಿರುವ ಆ ರೆಜಿಮೆಂಟು ಸೆಪ್ಟೆಂಬರ್ 23ನ್ನು ಹೈಫಾ ದಿನವೆಂದು ಆಚರಿಸುತ್ತದೆ. 1780ರಲ್ಲಿ ಹುಟ್ಟಿದ, ಹಲಸೂರಿನ ಕೆರೆಯ ಬಳಿ ಕೇಂದ್ರವಿರುವ, ಸೇನೆಯ ಎಂಜಿನಿಯರ್ ಪಡೆಯಾದ ಮದ್ರಾಸ್ ಸ್ಯಾಪರ್ಸ್‌ಗೆ ಸಂಬಂಧಿಸಿದ ಕಲ್ಲಾದರೆ ನಿಮ್ಮ ಅದೃಷ್ಟ ದೊಡ್ಡದು, ಅದರ ವಾರಸುದಾರರು ಇದೇ ಊರಿನಲ್ಲಿದ್ದಾರೆ. ಪತ್ರ ಬರೆಯುವಾಗ ಪಡೆಯ ಹೆಸರನ್ನು ಆ ಕಾಲದಲ್ಲಿದ್ದಂತೆಯೂ ಈಗಿರುವಂತೆಯೂ ಎರಡೂ ರೀತಿ ಬರೆಯಿರಿ.

ಕಲ್ಲಿನಲ್ಲಿ ಇಲ್ಲದ ಹೆಸರುಗಳು

ಕನ್ನಡ ನೆಲಕ್ಕೆ ಯುದ್ಧಸ್ಮಾರಕ ಹೊಸದಲ್ಲ. ನಮ್ಮ ವೀರಗಲ್ಲುಗಳು ಅದೇ ಕೆಲಸಕ್ಕೆ ನಿಂತವು. ಆದರೆ ಎರಡಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ, ಅದನ್ನು ಕಣ್ಣಾರೆ ನೋಡಿಕೊಂಡರೆ ಹುಡುಕಾಟಕ್ಕೆ ಒಂದು ದಿಕ್ಕು ಸಿಗುತ್ತದೆ. ಹೆಬ್ಬಾಳದಲ್ಲಿ ದೊರೆತ, ಸುಮಾರು ಕ್ರಿ.ಶ. 750ರ, ಗಂಗರ ಶ್ರೀಪುರುಷನ ಕಾಲದ ವೀರಗಲ್ಲು ಕಿತ್ತಯ್ಯ ಎಂಬವನದು. ಹನ್ನೆರಡು ಶತಮಾನಕ್ಕೂ ಹೆಚ್ಚು ಕಾಲ ಕಳೆದರೂ ಅವನ ಹೆಸರು ಕಲ್ಲಿನ ಮೇಲಿದೆ. ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಬೇಗೂರಿನ ವೀರಗಲ್ಲಿನ ಮುಂದೆ ಒಂದು ಗಂಟೆ ಕಳೆಯಿರಿ. ಆನೆ, ಕುದುರೆ, ಕೆಳಗೆ ಬಿದ್ದವರು, ಎಲ್ಲವೂ ಒಂದರ ಮೇಲೊಂದು ಒತ್ತಿಕೊಂಡಿರುವ ಆ ಕೆತ್ತನೆಯ ಜೊತೆಗಿನ ಬರಹ, ತುಂಬೆಪಾಡಿಯಲ್ಲಿ ವೀರಮಹೇಂದ್ರನ ವಿರುದ್ಧ ಕಾದಿ ನಾಗತ್ತರ ಸತ್ತನೆಂದೂ, ನಾಗತ್ತರನೆಂಬ ಆ ಪಟ್ಟವೂ ಬೆಂಪೂರು ಹನ್ನೆರಡು ಎಂಬ ಹಳ್ಳಿಗಳ ಗುಂಪೂ ಇರುಗನೆಂಬವನಿಗೆ ಸಂದವೆಂದೂ ಹೇಳುತ್ತದೆ. ಸತ್ತವನಾರು, ಎಲ್ಲಿ, ಯಾರ ಪರವಾಗಿ, ಅವನ ಹಿಂದೆ ಉಳಿದವರಿಗೆ ಸಿಕ್ಕಿದ್ದೇನು ಎಂಬ ನಾಲ್ಕು ಪ್ರಶ್ನೆಗಳಿಗೂ ಆ ಒಂದೇ ಕಲ್ಲು ಉತ್ತರಿಸುತ್ತದೆ. ನೂರು ವರ್ಷದ ಹಿಂದಿನ ದಂಡಿನ ಕಲ್ಲುಗಳು ಪಡೆಯ ಹೆಸರನ್ನು ಹೇಳುತ್ತವೆ, ಅಧಿಕಾರಿಗಳ ಹೆಸರನ್ನು ಕೆಲವೊಮ್ಮೆ ಹೇಳುತ್ತವೆ, ಸಾಮಾನ್ಯ ಸವಾರನ ಹೆಸರನ್ನು ಹೇಳುವುದು ಅಪರೂಪ. ಈ ನಾಲ್ಕು ಪ್ರಶ್ನೆಗಳನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದುಕೊಂಡು, ಕಲ್ಲು ಉತ್ತರಿಸದೆ ಬಿಟ್ಟದ್ದನ್ನು ಹುಡುಕುವುದೇ ನಿಮ್ಮ ನಿಜವಾದ ಕೆಲಸ. ನೆಹರು ತಾರಾಲಯದ ಎದುರಿನ ರಾಷ್ಟ್ರೀಯ ಸೈನಿಕ ಸ್ಮಾರಕದಲ್ಲಿ, ಏಕಶಿಲೆಯ ಬೃಹತ್ ವೀರಗಲ್ಲಿನ ಜೊತೆಗೆ, ಸ್ವಾತಂತ್ರ್ಯಾನಂತರ ಮಡಿದ ಯೋಧರ ಹೆಸರುಗಳನ್ನು ಕಲ್ಲಿನಲ್ಲಿ ಕೊರೆದಿರುವುದನ್ನು ನೋಡಿದಾಗ ಹಳೆಯ ಪದ್ಧತಿ ಮರಳಿತೆಂದು ನನಗೆ ಸಮಾಧಾನವಾಯಿತು.

ಮಹಾಯುದ್ಧಗಳಲ್ಲಿ ಸತ್ತವರ ಹೆಸರುಗಳಿಗೆ ಕಾಮನ್‌ವೆಲ್ತ್ ಯುದ್ಧಸಮಾಧಿ ಆಯೋಗದ ಜಾಲತಾಣ ದೊಡ್ಡ ಆಸರೆ. 1917ರಲ್ಲಿ ಸ್ಥಾಪನೆಯಾದ ಈ ಆಯೋಗ ಎರಡು ಮಹಾಯುದ್ಧಗಳ ಸುಮಾರು 17 ಲಕ್ಷ ಮಂದಿಯ ದಾಖಲೆಯನ್ನು ಉಚಿತವಾಗಿ ತೆರೆದಿಟ್ಟಿದೆ. ಮೊದಲ ಯುದ್ಧದ ಲೆಕ್ಕಕ್ಕೆ ಅದು 1914ರ ಆಗಸ್ಟ್ 4ರಿಂದ 1921ರ ಆಗಸ್ಟ್ 31ರವರೆಗಿನ ಸಾವುಗಳನ್ನು ತೆಗೆದುಕೊಳ್ಳುತ್ತದೆ, ಆದ್ದರಿಂದ ಯುದ್ಧ ಮುಗಿದ ಮೇಲೆ ಗಾಯದಿಂದಲೋ ರೋಗದಿಂದಲೋ ತೀರಿಕೊಂಡವರೂ ಸಿಗುತ್ತಾರೆ. ಸೈನಿಕನ ಹೆಸರಿನಿಂದ ಹುಡುಕಬೇಡಿ. ಪಡೆಯ ಹೆಸರಿನಿಂದ ಹುಡುಕಿ ಪಟ್ಟಿಯನ್ನು ಪೂರ್ತಿಯಾಗಿ ಇಳಿಸಿಕೊಳ್ಳಿ. ಕಾರಣವಿಷ್ಟೇ: ನಮ್ಮ ಹೆಸರುಗಳನ್ನು ಇಂಗ್ಲಿಷ್ ಗುಮಾಸ್ತರು ಕಿವಿಗೆ ಬಿದ್ದಂತೆ ಬರೆದರು. ಅರಸು ಎಂಬುದು ಒಂದು ಕಡೆ ಅರ್ಸ್, ಇನ್ನೊಂದು ಕಡೆ ಉರ್ಸ್; ಅಪ್ಪ ಮತ್ತು ಅಯ್ಯ ಎಂಬ ಕೊನೆಗಳು ಕೆಲವೊಮ್ಮೆ ಬಿಟ್ಟೇಹೋಗಿರುತ್ತವೆ. ಪಟ್ಟಿ ಕೈಗೆ ಬಂದ ಮೇಲೆ ಪ್ರತಿ ಹೆಸರನ್ನೂ ಗಟ್ಟಿಯಾಗಿ ಓದಿ ನೋಡಿ. ಕಣ್ಣಿಗೆ ಅಪರಿಚಿತವಾದ ಹೆಸರು ಕಿವಿಗೆ ಬಿದ್ದೊಡನೆ ನಮ್ಮೂರಿನದಾಗುತ್ತದೆ.

ಸಮಾಧಿಯಿಲ್ಲದವರ ಹೆಸರುಗಳು ಎಲ್ಲಿವೆ ಎಂಬುದಕ್ಕೂ ಒಂದು ಕಥೆಯಿದೆ. ಈಜಿಪ್ಟ್ ಮತ್ತು ಪ್ಯಾಲೆಸ್ಟೈನ್‌ಗಳಲ್ಲಿ ಸತ್ತ ಸುಮಾರು 4,000 ಭಾರತೀಯ ಸೈನಿಕರ ಸ್ಮಾರಕವನ್ನು ಸೂಯೆಜ್ ಕಾಲುವೆಯ ತುದಿಯ ಪೋರ್ಟ್ ತೌಫೀಕ್‌ನಲ್ಲಿ 1926ರಲ್ಲಿ ಅನಾವರಣ ಮಾಡಿದರು. ಇಸ್ರೇಲ್ ಮತ್ತು ಈಜಿಪ್ಟ್ ನಡುವಿನ 1967ರ ನಂತರದ ಕದನಗಳಲ್ಲಿ ಅದು ಹಾಳಾಯಿತು. 1980ರಲ್ಲಿ ಹೆಸರುಗಳ ಹೊಸ ಫಲಕಗಳನ್ನು ಕೈರೊ ಪಕ್ಕದ ಹೀಲಿಯೊಪೊಲಿಸ್ ಸಮಾಧಿಭೂಮಿಯಲ್ಲಿ ಕೂರಿಸಿದರು. ಒಂದು ಯುದ್ಧದ ಸ್ಮಾರಕವನ್ನು ಇನ್ನೊಂದು ಯುದ್ಧ ಕೆಡವಿತು. ಬೆಂಗಳೂರಿನ ಕಲ್ಲಿನ ಮುಂದೆ ಕಾಣದ ಹೆಸರಿಗೆ ಕೈರೊದಲ್ಲಿ ಒಂದು ಸಾಲು ಇರಬಹುದೆಂಬುದನ್ನು ನೆನಪಿಟ್ಟುಕೊಳ್ಳಿ.

ಉಳಿದದ್ದು ಮನೆಗಳಲ್ಲಿದೆ. ಸೈನಿಕರ ಮೊಮ್ಮಕ್ಕಳು, ಮರಿಮಕ್ಕಳು ಅದೇ ಬಡಾವಣೆಯಲ್ಲಿಯೇ ಇರುವುದುಂಟು. ಹೋಗುವ ಮೊದಲು ಹೇಳಿಕಳುಹಿಸಿ. ಮನೆಯ ಹಿರಿಯರ ಜೊತೆ ಕುಳಿತು, ಯುದ್ಧದ ವಿಷಯವನ್ನು ಮೊದಲೇ ಎತ್ತದೆ, ಅಜ್ಜನ ಊರು, ಅಜ್ಜಿಯ ತವರು, ಪಿಂಚಣಿ ಎಲ್ಲಿಂದ ಬರುತ್ತಿತ್ತು ಎಂದು ವಿಚಾರಿಸಿ. ನಾನು ಹೋದ ಒಂದು ಮನೆಯಲ್ಲಿ ಅಜ್ಜಿಯೊಬ್ಬರು ದೇವರ ಗೂಡಿನಿಂದ, ಕುಂಕುಮದ ಭರಣಿಯ ಹಿಂದಿನಿಂದ, ಬಟ್ಟೆಯಲ್ಲಿ ಸುತ್ತಿಟ್ಟ ಬೆಳ್ಳಿಯ ಪದಕವೊಂದನ್ನು ತೆಗೆದುಕೊಟ್ಟರು. ಮುಖದ ಮೇಲೆ ದೊರೆಯ ಚಿತ್ರವಿತ್ತು. ಅದನ್ನೇ ಎಲ್ಲರೂ ಇಷ್ಟು ವರ್ಷ ನೋಡಿದ್ದರು. ಪದಕವನ್ನು ಅಡ್ಡ ಹಿಡಿದು ಭೂತಗನ್ನಡಿಯಿಟ್ಟಾಗ, ನಾಣ್ಯದಷ್ಟು ದಪ್ಪದ ಅದರ ಅಂಚಿನಲ್ಲಿ ಸಂಖ್ಯೆ, ದರ್ಜೆ, ಹೆಸರು, ದಳ, ಎಲ್ಲವೂ ಸಣ್ಣ ಅಕ್ಷರಗಳಲ್ಲಿ ಕಂಡವು. "ನಮ್ಮ ಮಾವನವರ ಹೆಸರು ಇದರಲ್ಲಿದೆಯಾ?" ಎಂದು ಅವರು ಎರಡು ಸಲ ಕೇಳಿದರು, ಆಮೇಲೆ ಪದಕವನ್ನು ಕಣ್ಣಿಗೊತ್ತಿಕೊಂಡರು. ಮೊದಲ ಮಹಾಯುದ್ಧದ ಪದಕಗಳ ಅಂಚಿನಲ್ಲಿ ಹೀಗೆ ಹೆಸರು ಕೊರೆಯುವುದು ರೂಢಿಯಾಗಿತ್ತು. ಬೆಳ್ಳಿಯ ಬದಲು ಕಂಚಿನಲ್ಲಿದ್ದರೆ, ಅದು ಸೈನ್ಯದ ಜೊತೆ ಹೋದ ಸೇವಕವರ್ಗದವರೊಬ್ಬರಿಗೆ ಕೊಟ್ಟದ್ದಾಗಿರಬಹುದು; ಯಾವ ಸ್ಮಾರಕದ ಮೇಲೂ ಕಾಣದ ಅವರ ಚರಿತ್ರೆ ಆ ಒಂದು ಬಿಲ್ಲೆಯಲ್ಲಷ್ಟೇ ಉಳಿದಿರುತ್ತದೆ. ಪದಕವನ್ನು ಉಜ್ಜಿ ಹೊಳೆಯಿಸಬೇಡಿರೆಂದು ಮನೆಯವರಿಗೆ ಹೇಳಿ, ಅಂಚಿನ ಅಕ್ಷರಗಳು ಅದರಿಂದಲೇ ಸವೆಯುತ್ತವೆ. ಮನೆಯಿಂದ ಏನನ್ನೂ ಕೊಂಡೊಯ್ಯಬಾರದು, ಎರವಲೂ ಕೇಳಬಾರದು. ಅಲ್ಲಿಯೇ ಫೋಟೊ ತೆಗೆದು ಅಲ್ಲಿಯೇ ಹಿಂತಿರುಗಿಸಬೇಕು.

ಇಲ್ಲವಾದ ಕಲ್ಲಿನ ಚರಿತ್ರೆ

ಈಗ ಇಲ್ಲದ ಸ್ಮಾರಕವನ್ನೂ ಹುಡುಕಬಹುದು. ಪಾಲಿಕೆಯ ಕಟ್ಟಡದ ಎದುರು, ಹಡ್ಸನ್ ವೃತ್ತದಲ್ಲಿ, 1791ರ ಬೆಂಗಳೂರು ಮುತ್ತಿಗೆಯಲ್ಲಿ ಸತ್ತ ಬ್ರಿಟಿಷ್ ಪಕ್ಷದವರ ಸ್ಮಾರಕಸ್ತಂಭವೊಂದಿತ್ತು. ಆ ವರ್ಷದ ಮಾರ್ಚ್ 7ರಂದು ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸನ ಸೈನ್ಯ ಪೇಟೆಯ ಬಾಗಿಲನ್ನು ಒಡೆಯಿತು, ಕರ್ನಲ್ ಮೂರ್‌ಹೌಸ್ ಅಲ್ಲಿ ಸತ್ತ. ಮಾರ್ಚ್ 21ರ ರಾತ್ರಿ ಕೋಟೆ ಬಿತ್ತು, ಟಿಪ್ಪುವಿನ ಕಿಲ್ಲೇದಾರ, ಅಂದರೆ ಕೋಟೆಯ ಮುಖ್ಯಸ್ಥ, ಬಹಾದುರ್ ಖಾನ್ ಹೋರಾಡುತ್ತಲೇ ಮಡಿದ. ಸ್ತಂಭ ಮೊದಲನೆಯವನ ಪಕ್ಷದವರಿಗೆ ನಿಂತಿತ್ತು, ಎರಡನೆಯವನಿಗೆ ನಿಂತಿರಲಿಲ್ಲ. ಪರಕೀಯರ ವಿಜಯದ ಗುರುತು ನಗರದ ನಡುವೆ ಬೇಡವೆಂದು ಕನ್ನಡ ಹೋರಾಟಗಾರರು ದನಿಯೆತ್ತಿದರು, 1964ರಲ್ಲಿ ಅದನ್ನು ಕೆಡವಲಾಯಿತು. ಅಲ್ಲಿಂದ ಹೊರಡುವ ಸೆನೊಟಾಫ್ ರಸ್ತೆ ಇಂದಿನ ನೃಪತುಂಗ ರಸ್ತೆ. ಸೆನೊಟಾಫ್ ಎಂದರೆ ದೇಹವಿಲ್ಲದ ಸಮಾಧಿ. ಆ ಪದ ಹೋದ ಮೇಲೆ, ಅಲ್ಲೊಂದು ಕಲ್ಲಿತ್ತೆಂಬುದಕ್ಕೆ ರಸ್ತೆಯಲ್ಲಿದ್ದ ಕೊನೆಯ ಗುರುತೂ ಹೋಯಿತು. ಕೆಡವಿದ್ದು ಸರಿಯೋ ತಪ್ಪೋ ಎಂಬುದರ ಬಗ್ಗೆ ನಿಮಗೆ ನಿಮ್ಮ ಅಭಿಪ್ರಾಯವಿರಬಹುದು, ನನಗೆ ಕೆಡವಿದವರ ನೋವು ಅರ್ಥವಾಗುತ್ತದೆ. ಆದರೆ ಬರೆಯುವವರು ನಿಲ್ಲಿಸಿದವರ ಕಾರಣವನ್ನೂ ಕೆಡವಿದವರ ಕಾರಣವನ್ನೂ ಒಂದೇ ಪ್ರಾಮಾಣಿಕತೆಯಿಂದ ದಾಖಲಿಸಬೇಕು, ಎರಡೂ ಸೇರಿದರೇ ಸ್ಮಾರಕದ ಚರಿತ್ರೆ. ಇಂತಹ ಕಲ್ಲುಗಳಿಗಾಗಿ ಹಳೆಯ ಪಿಕ್ಚರ್ ಪೋಸ್ಟ್‌ಕಾರ್ಡುಗಳನ್ನು, ಹಳೆಯ ನಕ್ಷೆಗಳನ್ನು, ಬದಲಾದ ರಸ್ತೆಗಳ ಹಿಂದಿನ ಹೆಸರುಗಳನ್ನು, ಆ ವರ್ಷದ ಕನ್ನಡ ಪತ್ರಿಕೆಗಳ ಸಂಪುಟಗಳನ್ನು ನೋಡಬೇಕು.

ಬರೆದಿಡುವಾಗ

ಬರವಣಿಗೆಗೆ ಕುಳಿತಾಗ ಪ್ರತಿಯೊಂದು ವಾಕ್ಯದ ಪಕ್ಕದಲ್ಲಿಯೂ ಅದು ಎಲ್ಲಿಂದ ಬಂತೆಂದು ಗುರುತು ಹಾಕಿಕೊಳ್ಳಿ: ಕಲ್ಲಿನಿಂದಲೋ, ಕಡತದಿಂದಲೋ, ಮನೆಯವರ ಮಾತಿನಿಂದಲೋ, ನಿಮ್ಮ ಊಹೆಯಿಂದಲೋ. ಮನೆಯವರು "ನಮ್ಮಜ್ಜ ಹೈಫಾದಲ್ಲಿ ಕಾದಿದರು" ಎಂದರೆ ಹಾಗೆಂದು ಮನೆಯವರು ಹೇಳುತ್ತಾರೆ ಎಂದೇ ಬರೆಯಿರಿ. ದಾಖಲೆ ಹರಿತಾನ್ ಎನ್ನುತ್ತಿದ್ದರೆ ಅದನ್ನೂ ಬರೆಯಿರಿ, ಅವರಿಗೆ ಮೊದಲು ತಿಳಿಸಿ ಬರೆಯಿರಿ. ಸಂಖ್ಯೆ ಎರಡು ಕಡೆ ಎರಡು ಬಗೆಯಾಗಿದ್ದರೆ ಎರಡನ್ನೂ ಕೊಡಿ. ಕಲ್ಲಿನ ಬರಹದ ಪೂರ್ಣ ಪಾಠ, ಅಳತೆ, ಮುಖ ಮಾಡಿರುವ ದಿಕ್ಕು, ಫೋಟೊ ತೆಗೆದ ದಿನಾಂಕ ಕಡ್ಡಾಯವಾಗಿ ಇರಲಿ, ಯಾಕೆಂದರೆ ಮುಂದೆ ಮೆಟ್ರೊ ಕಾಮಗಾರಿಗೋ ರಸ್ತೆ ಅಗಲೀಕರಣಕ್ಕೋ ಕಲ್ಲನ್ನು ಸರಿಸಿದಾಗ ಮೊದಲಿನ ಸ್ಥಿತಿಯ ಸಾಕ್ಷಿ ನಿಮ್ಮ ನೋಟ್‌ಬುಕ್ಕು ಒಂದೇ ಆಗಿರಬಹುದು. ಇಂಗ್ಲಿಷಿನಲ್ಲಿರುವ ಬರಹವನ್ನು ಕನ್ನಡಕ್ಕೆ ತಂದು, ದೊಡ್ಡ ಅಕ್ಷರಗಳಲ್ಲಿ ಒಂದು ಪುಟ ಮಾಡಿ. ಒಂದು ಪ್ರತಿಯನ್ನು ಬಡಾವಣೆಯ ಗ್ರಂಥಾಲಯಕ್ಕೆ, ಒಂದನ್ನು ಹತ್ತಿರದ ಶಾಲೆಗೆ, ಒಂದನ್ನು ಪದಕ ತೋರಿಸಿದ ಮನೆಗೆ ಕೊಡಿ. ನಾನು ಮುನಿರೆಡ್ಡಿಪಾಳ್ಯದ ಪುಟವನ್ನು ಮುಗಿಸಿದ ಮೇಲೆ ಹೂ ಕಟ್ಟುವ ಆ ಹಿರಿಯರ ಬಳಿಗೂ ಹೋಗಿ ಓದಿ ಹೇಳಿದೆ. ಕೇಳುವಷ್ಟು ಹೊತ್ತೂ ಅವರ ಕೈ ಹೂವಿನ ಮೇಲೆ ಆಡುತ್ತಲೇ ಇತ್ತು. ಹರಿತಾನ್‌ನ ನಾಲ್ಕು ದಿನಗಳ ಮಾತು ಬಂದಾಗ ಮಾತ್ರ ನಿಂತಿತು.